ಇಮ್ಯುನೊಥೆರಪಿ ಇಂಜೆಕ್ಷನ್ ಬೆಂಗಳೂರಲ್ಲಿ, ಅಡ್ಡಪರಿಣಾಮ ಊರಲ್ಲಿ: ‘ಸುಸ್ತು’ ಅಂತ ಗ್ಲುಕೋಸ್ ಏರಿಸುವ ಮುನ್ನ ತಿಳಿಯಬೇಕಾದ್ದು

ಚಿತ್ರದುರ್ಗ: ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರು, ಮಣಿಪಾಲ, ದಾವಣಗೆರೆ ಅಂತ ಓಡಾಡುವ ಮನೆಗಳು ಈಗ ಪ್ರತಿ ತಾಲೂಕಿನಲ್ಲೂ ಇವೆ. ಈ ಮನೆಗಳಲ್ಲಿ ಎರಡು ಮೂರು ವರ್ಷಗಳಿಂದ ಒಂದು ಹೊಸ ಪದ ಕೇಳಿಬರುತ್ತಿದೆ. ಅದು ಇಮ್ಯುನೊಥೆರಪಿ. ‘ಕಿಮೋ ಅಲ್ಲ, ಕೂದಲು ಉದುರಲ್ಲ, ವಾಂತಿ ಕಡಿಮೆ, ಅರ್ಧ ಗಂಟೆ ಡ್ರಿಪ್ ಹಾಕಿ ಕಳಿಸ್ತಾರೆ’ ಅಂತ ಜನ ಇದನ್ನು ವಿವರಿಸುತ್ತಾರೆ. ಮಾತು ಬಹುಪಾಲು ನಿಜ. ಆದರೆ ಲೆಕ್ಕ ಹಾಕಿ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಮೂರು ವಾರಕ್ಕೊಮ್ಮೆ ಕೊಡುವ ಔಷಧ ಅಂದ್ರೆ ರೋಗಿ ಒಂದು ದಿನ ದೊಡ್ಡಾಸ್ಪತ್ರೆಯಲ್ಲಿ, ಉಳಿದ 20 ದಿನ ಊರಲ್ಲಿ. ಅಡ್ಡಪರಿಣಾಮ ಬರುವುದು ಆ 20 ದಿನಗಳಲ್ಲೇ. ಅದನ್ನು ಮೊದಲು ನೋಡುವವರು ಮನೆಯವರು, ಪಕ್ಕದ ಮೆಡಿಕಲ್ ಶಾಪಿನವರು, ಬೀದಿ ಕ್ಲಿನಿಕ್ಕಿನ ಡಾಕ್ಟರು, ಸರ್ಕಾರಿ ಆಸ್ಪತ್ರೆಯ ರಾತ್ರಿ ಡ್ಯೂಟಿ ನರ್ಸು.

ಈ ಅಡ್ಡಪರಿಣಾಮಗಳಲ್ಲಿ ಒಂದು ಗುಂಪು ತೀರಾ ಮೋಸದ್ದು. ಅದು ಹಾರ್ಮೋನ್ ಗ್ರಂಥಿಗಳದ್ದು. ಮೈಮೇಲೆ ಗುಳ್ಳೆ ಎದ್ದರೆ ಕಾಣುತ್ತದೆ, ಭೇದಿ ಆದರೆ ಗೊತ್ತಾಗುತ್ತದೆ. ಹಾರ್ಮೋನ್ ಕೈಕೊಟ್ಟರೆ ಕಾಣುವುದು ಬರೀ ಸುಸ್ತು, ತಲೆಸುತ್ತು, ಊಟ ಸೇರದಿರುವುದು, ದಾಹ. ‘ಕ್ಯಾನ್ಸರ್ ಪೇಷಂಟು, ಸುಸ್ತು ಇದ್ದೇ ಇರುತ್ತೆ’ ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಹೆಚ್ಚೆಂದರೆ ಒಂದು ಬಾಟಲಿ ಗ್ಲುಕೋಸ್, ಒಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್. ಕೆಲವು ರೋಗಿಗಳ ವಿಷಯದಲ್ಲಿ ಈ ಒಂದು ಬಾಟಲಿ ಉಪಯೋಗಕ್ಕೆ ಬಾರದೇ ಹೋಗಬಹುದು, ತಿರುಗಿಬೀಳಲೂಬಹುದು. ಸಕಾಲಕ್ಕೆ ಗುರುತಿಸಿದರೆ ಇದೇ ತೊಂದರೆಗಳಿಗೆ ಬಹಳ ಹಳೆಯ ಔಷಧಗಳೇ ಸಾಕು, ಅವುಗಳಲ್ಲಿ ಹೆಚ್ಚಿನವು ಅಗ್ಗ.

ಕಿಮೋ ಬೇರೆ, ಇದು ಬೇರೆ

ಕಿಮೋಥೆರಪಿ ಕ್ಯಾನ್ಸರ್ ಕೋಶಗಳನ್ನು ನೇರವಾಗಿ ಕೊಲ್ಲುವ ಔಷಧ. ವೇಗವಾಗಿ ಬೆಳೆಯುವ ಯಾವ ಕೋಶ ಸಿಕ್ಕರೂ ಅದು ಬಿಡುವುದಿಲ್ಲ. ಕೂದಲು ಉದುರುವುದು, ರಕ್ತ ಕಡಿಮೆಯಾಗುವುದು ಅದಕ್ಕೇ. ಇಮ್ಯುನೊಥೆರಪಿ ಕ್ಯಾನ್ಸರ್ ಕೋಶವನ್ನು ತಾನು ಮುಟ್ಟುವುದಿಲ್ಲ. ದೇಹದ ರೋಗನಿರೋಧಕ ಪಡೆಯ ಕಟ್ಟು ಬಿಚ್ಚುತ್ತದೆ, ಅಷ್ಟೇ.

ನಮ್ಮ ಮೈಯೊಳಗಿನ ಬಿಳಿ ರಕ್ತಕಣಗಳಲ್ಲಿ ಟಿ-ಕೋಶ ಅಂತ ಒಂದು ಜಾತಿ ಇದೆ. ತೋಟದ ಕಾವಲು ನಾಯಿ ಇದ್ದ ಹಾಗೆ. ಅದು ಸಿಕ್ಕಸಿಕ್ಕವರನ್ನೆಲ್ಲ ಕಚ್ಚಬಾರದು ಅಂತ ದೇಹವೇ ಅದಕ್ಕೆ ಸರಪಳಿ ಹಾಕಿರುತ್ತದೆ. ಕ್ಯಾನ್ಸರ್ ಕೋಶಗಳು ಈ ಸರಪಳಿಯನ್ನೇ ಬಳಸಿಕೊಂಡು ತಪ್ಪಿಸಿಕೊಳ್ಳುತ್ತವೆ. ಸಿಟಿಎಲ್ಎ-4, ಪಿಡಿ-1 ಎಂಬ ಎರಡು ಸರಪಳಿಗಳನ್ನು ಬಿಚ್ಚಿದರೆ ಟಿ-ಕೋಶಗಳು ಕ್ಯಾನ್ಸರ್ ಮೇಲೆ ಎರಗುತ್ತವೆ ಎಂದು ತೋರಿಸಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಇಪಿಲಿಮುಮ್ಯಾಬ್, ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್, ಅಟೆಜೊಲಿಜುಮ್ಯಾಬ್, ಡುರ್ವಾಲುಮ್ಯಾಬ್ ಇವೆಲ್ಲ ಈ ಜಾತಿಯ ಔಷಧಗಳು. ಆಸ್ಪತ್ರೆ ಚೀಟಿಯಲ್ಲಿ ಈ ಹೆಸರುಗಳಲ್ಲಿ ಯಾವುದಾದರೂ ಕಂಡರೆ ಅದು ಇಮ್ಯುನೊಥೆರಪಿ ಅಂತ ತಿಳಿಯಬಹುದು.

ಫಲ ಸಿಕ್ಕವರಿಗೆ ಇದು ದೊಡ್ಡ ಫಲವೇ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ 2015ರಲ್ಲಿ ಮೆದುಳಿಗೂ ಹರಡಿದ್ದ ಚರ್ಮದ ಕ್ಯಾನ್ಸರ್ ಪತ್ತೆಯಾಗಿತ್ತು. ಶಸ್ತ್ರಚಿಕಿತ್ಸೆ, ರೇಡಿಯೇಷನ್ ಜತೆ ಪೆಂಬ್ರೊಲಿಜುಮ್ಯಾಬ್ ಕೊಟ್ಟರು. ಅವರು ತೀರಿಕೊಂಡಿದ್ದು 2024ರ ಡಿಸೆಂಬರ್‌ನಲ್ಲಿ, 100 ವರ್ಷ ತುಂಬಿದ ಮೇಲೆ. ಎಲ್ಲರಿಗೂ ಹೀಗಾಗುವುದಿಲ್ಲ, ಅನೇಕರಿಗೆ ಔಷಧ ನಾಟುವುದೇ ಇಲ್ಲ. ಆದರೆ ನಾಟಿದವರು ವರ್ಷಗಟ್ಟಲೆ ಬದುಕುತ್ತಾರೆ. ಹಾಗೆ ಬದುಕುವಾಗ ಅಡ್ಡಪರಿಣಾಮದ ಜತೆಗೂ ಬದುಕಬೇಕಾಗುತ್ತದೆ. ಸರಪಳಿ ಬಿಚ್ಚಿದ ನಾಯಿ ಕಳ್ಳನನ್ನು ಹಿಡಿಯುತ್ತದೆ, ಕೆಲವೊಮ್ಮೆ ಪಕ್ಕದ ಮನೆಯವರನ್ನೂ ಕಚ್ಚುತ್ತದೆ.

ಈಗಲೇ ಈ ವಿಷಯ ಯಾಕೆ?

ಇಷ್ಟು ದಿನ ಇದು ದೊಡ್ಡವರ ಔಷಧ ಆಗಿತ್ತು. ಒಂದು ಡೋಸಿಗೆ ಲಕ್ಷದ ಮೇಲೆ ಅಂದರೆ ಹಿರಿಯೂರು, ಹೊಸದುರ್ಗದ ರೈತನಿಗಾಗಲಿ, ಚಳ್ಳಕೆರೆಯ ಅಂಗಡಿಯವನಿಗಾಗಲಿ ಎಟುಕುವ ಮಾತಲ್ಲ. ಆ ಸ್ಥಿತಿ ನಿಧಾನವಾಗಿ ಬದಲಾಗುತ್ತಿದೆ. ಅದಕ್ಕೆ ಮೂರು ಕಾರಣ.

ಮೊದಲನೆಯದು, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನ. ಬಾಯಿ, ಗಂಟಲು, ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ನಡೆದದ್ದು. ಅರ್ಧದಷ್ಟು ಜನರಿಗೆ ಬರೀ ಮಾತ್ರೆಗಳ ಚಿಕಿತ್ಸೆ, ಉಳಿದವರಿಗೆ ಅದರ ಜತೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್. ಮಾಮೂಲಿ ಡೋಸ್ 240 ಮಿಲಿಗ್ರಾಂ, ಅದೂ ಎರಡು ವಾರಕ್ಕೊಮ್ಮೆ. ಅಂದ್ರೆ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಆದರೂ ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು. ತಂಬಾಕು, ಗುಟ್ಕಾ, ಎಲೆಅಡಿಕೆ ಚಟ ಹೆಚ್ಚಿರುವ ನಮ್ಮಂಥ ಜಿಲ್ಲೆಗಳಲ್ಲಿ ಕಾಣುವ ಕ್ಯಾನ್ಸರ್ ಇದೇ ಆದ್ದರಿಂದ ಈ ಅಂಕಿಗೆ ಇಲ್ಲಿ ಬೆಲೆ ಇದೆ.

ಎರಡನೆಯದು ಬೆಲೆ. 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕ ಪೂರ್ತಿ ತೆಗೆಯಿತು. ಅದರಲ್ಲಿ ಡುರ್ವಾಲುಮ್ಯಾಬ್ ಕೂಡ ಒಂದು.

ಮೂರನೆಯದು, ಚಿಕಿತ್ಸೆ ಜಿಲ್ಲೆಗಳತ್ತ ಬರುತ್ತಿರುವುದು. 2025ರ ಫೆಬ್ರುವರಿ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ-ಕೇರ್ ಕೇಂದ್ರ ತೆರೆಯುವುದಾಗಿ, ಮೊದಲ ವರ್ಷ 200 ಕೇಂದ್ರ ಮಾಡುವುದಾಗಿ ಕೇಂದ್ರ ಹೇಳಿತು. ಅದೇ ವರ್ಷ ರಾಜ್ಯ ಸರ್ಕಾರವೂ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ-ಕೇರ್ ಕಿಮೋಥೆರಪಿ ಕೇಂದ್ರ ಆರಂಭಿಸಿತು. ಇವು ಸದ್ಯಕ್ಕೆ ಕಿಮೋಗೆ ಆದರೂ ಹೋಗುತ್ತಿರುವ ದಿಕ್ಕು ಸ್ಪಷ್ಟ. ಕ್ಯಾನ್ಸರ್ ಆರೈಕೆ ಊರಿನ ಹತ್ತಿರಕ್ಕೆ ಬರುತ್ತಿದೆ.

ಔಷಧ ಹತ್ತಿರ ಬಂದರೆ ಸಂತೋಷವೇ. ಅದರ ಹಿಂದೆ ಅಡ್ಡಪರಿಣಾಮದ ತಿಳಿವಳಿಕೆಯೂ ಬರಬೇಕು. ಬೆಲೆ ಇಳಿದದ್ದು ದೊಡ್ಡ ಸುದ್ದಿಯಾಯಿತು. ಇಂಜೆಕ್ಷನ್ ಆದ ಮೇಲೆ ಊರಲ್ಲಿ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಯಾವ ಬಜೆಟ್ ಭಾಷಣದಲ್ಲೂ ಸುದ್ದಿಯಾಗಲಿಲ್ಲ.

ಯಾವ ಗ್ರಂಥಿಗೆ ಎಷ್ಟು ಪೆಟ್ಟು

ಈ ಔಷಧ ಪಡೆದ 7,551 ರೋಗಿಗಳಿದ್ದ 38 ಅಧ್ಯಯನಗಳನ್ನು ಒಟ್ಟು ಹಾಕಿ ಮಾಡಿದ ವಿಶ್ಲೇಷಣೆಯೊಂದು 2018ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ:

• ಥೈರಾಯ್ಡ್ ಕಡಿಮೆಯಾಗುವುದು: ನೂರಕ್ಕೆ ಸುಮಾರು 7 ಮಂದಿಗೆ. ಎರಡು ಔಷಧ ಒಟ್ಟಿಗೆ ಕೊಟ್ಟರೆ 13 ಮಂದಿಗೆ.
• ಥೈರಾಯ್ಡ್ ಹೆಚ್ಚಾಗುವುದು: ನೂರಕ್ಕೆ ಸುಮಾರು 3, ಎರಡು ಔಷಧ ಸೇರಿದರೆ 8.
• ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಊದಿಕೊಂಡು ಕೈಕೊಡುವುದು: ಪಿಡಿ-1 ಔಷಧದಲ್ಲಿ ಸಾವಿರಕ್ಕೆ 4, ಇಪಿಲಿಮುಮ್ಯಾಬ್‌ನಲ್ಲಿ ನೂರಕ್ಕೆ 3, ಎರಡೂ ಸೇರಿದರೆ ನೂರಕ್ಕೆ 6.
• ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಗೇ ನೇರ ಪೆಟ್ಟು: ಸಾವಿರಕ್ಕೆ 7.
• ಇನ್ಸುಲಿನ್ ಪೂರ್ತಿ ನಿಂತು ಸಕ್ಕರೆ ಕಾಯಿಲೆ ಬರುವುದು: ಸಾವಿರಕ್ಕೆ 2.

ಕೆಳಗಿನ ಮೂರು ಅಂಕಿ ಚಿಕ್ಕದಾಗಿ ಕಾಣುತ್ತವೆ. ಆದರೆ ಜೀವಕ್ಕೆ ಕುತ್ತು ತರುವವು ಅವೇ. ಅಪರೂಪ ಅನ್ನುವ ಕಾರಣಕ್ಕೇ ಅವು ಯಾರ ತಲೆಗೂ ಹೊಳೆಯುವುದಿಲ್ಲ.

ಇನ್ನೊಂದು ಮಾತು. ಚರ್ಮ, ಕರುಳು, ಶ್ವಾಸಕೋಶಕ್ಕೆ ಬರುವ ಅಡ್ಡಪರಿಣಾಮ ಸಾಮಾನ್ಯವಾಗಿ ಚಿಕಿತ್ಸೆಯಿಂದ ಇಳಿಯುತ್ತದೆ. ಹಾರ್ಮೋನ್ ಗ್ರಂಥಿಯ ಪೆಟ್ಟು ಹೆಚ್ಚಿನ ಪಾಲು ಶಾಶ್ವತ. ಗ್ರಂಥಿಯ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಚಿಗುರುವುದು ಕಡಿಮೆ. ಹಾಗಾಗಿ ಅದು ತಯಾರಿಸುತ್ತಿದ್ದ ಹಾರ್ಮೋನನ್ನು ಮಾತ್ರೆ ಅಥವಾ ಇಂಜೆಕ್ಷನ್ ರೂಪದಲ್ಲಿ ಹೊರಗಿನಿಂದ ಕೊಡುತ್ತಲೇ ಇರಬೇಕು. ಕೊಟ್ಟರೆ ಬದುಕು ಮಾಮೂಲಿ ನಡೆಯುತ್ತದೆ, ಕ್ಯಾನ್ಸರ್ ಚಿಕಿತ್ಸೆಯನ್ನೂ ಬಹುತೇಕ ಮುಂದುವರಿಸಬಹುದು.

ಥೈರಾಯ್ಡ್: ಮೊದಲು ಏರಿ, ಆಮೇಲೆ ಇಳಿಯುವ ಆಟ

ಅತಿ ಹೆಚ್ಚು ಕಾಣುವುದು ಇದು. ಚಿಕಿತ್ಸೆ ಶುರುವಾದ ಒಂದು ಎರಡು ತಿಂಗಳಲ್ಲಿ ಎದೆ ಡವಡವ, ಕೈನಡುಕ, ಬೆವರು, ತೂಕ ಇಳಿಕೆ ಕಾಣಿಸಬಹುದು. ಗ್ರಂಥಿ ಒಡೆದು ಅದರೊಳಗಿದ್ದ ಹಾರ್ಮೋನ್ ಒಮ್ಮೆಲೇ ರಕ್ತಕ್ಕೆ ಸೇರುವುದರಿಂದ ಹೀಗಾಗುತ್ತದೆ. ಕೆಲವು ವಾರಗಳಲ್ಲಿ ಸಂಗ್ರಹ ಖಾಲಿಯಾಗಿ ಪೂರ್ತಿ ಉಲ್ಟಾ ಆಗುತ್ತದೆ. ಚಳಿ ತಡೆಯದಿರುವುದು, ಮಲಬದ್ಧತೆ, ಮುಖ ಊದುವುದು, ನಿದ್ದೆ, ಮಂಕು.

ಇಲ್ಲಿ ಆಗುವ ತಪ್ಪು ಏನೆಂದರೆ, ಏರಿದ ಹಂತದಲ್ಲಿ ರಿಪೋರ್ಟ್ ನೋಡಿ ಥೈರಾಯ್ಡ್ ಇಳಿಸುವ ಮಾತ್ರೆ ಶುರು ಮಾಡುವುದು. ಸಾಮಾನ್ಯವಾಗಿ ಅದರ ಅಗತ್ಯ ಇರುವುದಿಲ್ಲ. ಎದೆಬಡಿತಕ್ಕೆ ಮಾತ್ರ ಔಷಧ ಕೊಟ್ಟು ಕಾದು ನೋಡುತ್ತಾರೆ. ಇಳಿದ ಮೇಲೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಮಾತ್ರೆ, ನಮ್ಮ ಊರುಗಳಲ್ಲಿ ಸಾವಿರಾರು ಮಂದಿ ಈಗಾಗಲೇ ತಗೊಳ್ಳುತ್ತಿರುವುದೇ. ಅದಕ್ಕೆ ಚಿಕಿತ್ಸೆ ನಡೆಯುವಾಗ 4ರಿಂದ 6 ವಾರಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ವಾಡಿಕೆ.

ಒಂದು ಎಚ್ಚರ: ಬರೀ ಟಿಎಸ್ಎಚ್ ಮಾಡಿಸಿದರೆ ಸಾಲದು, ಫ್ರೀ ಟಿ-4 ಕೂಡ ಬೇಕು. ಟಿಎಸ್ಎಚ್ ತಯಾರಾಗುವುದು ಪಿಟ್ಯುಟರಿಯಲ್ಲಿ. ಪಿಟ್ಯುಟರಿಯೇ ಕೆಟ್ಟಿದ್ದರೆ ಥೈರಾಯ್ಡ್ ಕಡಿಮೆ ಇದ್ದರೂ ಟಿಎಸ್ಎಚ್ ನಾರ್ಮಲ್ ಅಂತ ತೋರಿಸಿ ದಾರಿ ತಪ್ಪಿಸಬಹುದು. 

ಪಿಟ್ಯುಟರಿ, ಅಡ್ರಿನಲ್: ಸದ್ದಿಲ್ಲದೆ ಬರುವ ಅಪಾಯ

ಪಿಟ್ಯುಟರಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ. ಉಳಿದ ಗ್ರಂಥಿಗಳಿಗೆಲ್ಲ ಆರ್ಡರ್ ಕೊಡುವ ಮೇಸ್ತ್ರಿ ಅದೇ. ಅದು ಕೆಟ್ಟರೆ ಅಡ್ರಿನಲ್ ಗ್ರಂಥಿಗೆ ಸಂದೇಶ ಹೋಗುವುದಿಲ್ಲ, ಕಾರ್ಟಿಸಾಲ್ ಹಾರ್ಮೋನ್ ತಯಾರಾಗುವುದಿಲ್ಲ. ಕಾರ್ಟಿಸಾಲ್ ಅಂದ್ರೆ ಕಷ್ಟಕಾಲದ ಹಾರ್ಮೋನ್. ಜ್ವರ, ಗಾಯ, ಆಪರೇಷನ್, ಉಪವಾಸ ಇಂಥ ಹೊತ್ತಿನಲ್ಲಿ ಬಿಪಿ ಮತ್ತು ಸಕ್ಕರೆ ಕುಸಿಯದಂತೆ ಹಿಡಿದು ನಿಲ್ಲಿಸುವುದು ಅದೇ. ಅದಿಲ್ಲದಿದ್ದರೆ ಒಂದು ಸಾಮಾನ್ಯ ಜ್ವರ, ಎರಡು ದಿನದ ವಾಂತಿಭೇದಿ ಕೂಡ ಪ್ರಾಣಕ್ಕೆ ಬರಬಹುದು.

ಇಪಿಲಿಮುಮ್ಯಾಬ್ ಪಡೆದವರಲ್ಲಿ ಎರಡು ಮೂರು ತಿಂಗಳಲ್ಲಿ ತಲೆನೋವಿನೊಂದಿಗೆ ಇದು ಕಾಣಿಸಿಕೊಳ್ಳುತ್ತದೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಪಡೆದವರಲ್ಲಿ ತಡವಾಗಿ, ಆರು ತಿಂಗಳೋ ಅದಕ್ಕೂ ಮೇಲೋ ಆದ ಬಳಿಕ ಬರಬಹುದು. ತಲೆನೋವೂ ಇರುವುದಿಲ್ಲ, ಎಂಆರ್‌ಐ ಸ್ಕ್ಯಾನ್‌ನಲ್ಲೂ ಏನೂ ಕಾಣದೇ ಇರಬಹುದು. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೆ ಬಂದ ಉದಾಹರಣೆಗಳೂ ಇವೆ. ‘ಇಂಜೆಕ್ಷನ್ ಮುಗಿದು ಆರು ತಿಂಗಳಾಯ್ತಲ್ಲ, ಇನ್ನೇನು’ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಲಕ್ಷಣಗಳು ಹೇಗಿರುತ್ತವೆ? ಬೆಳಿಗ್ಗೆ ಏಳಲು ಆಗದಷ್ಟು ಸುಸ್ತು. ಎದ್ದು ನಿಂತರೆ ಕಣ್ಣುಕತ್ತಲೆ. ಊಟ ಸೇರುವುದಿಲ್ಲ, ವಾಕರಿಕೆ, ಹೊಟ್ಟೆನೋವು, ತೂಕ ಇಳಿಕೆ. ಬಿಪಿ ಕಡಿಮೆ. ರಕ್ತದಲ್ಲಿ ಸೋಡಿಯಂ ಕಡಿಮೆ. ಕೆಲವೊಮ್ಮೆ ಮಾತು ಗೊಂದಲ. ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ಹೆಂಗಸರಲ್ಲಿ ಮುಟ್ಟು ನಿಲ್ಲುವುದು. ಊರಲ್ಲಿ ಇದಕ್ಕೆ ಸಿಗುವ ಹೆಸರುಗಳು ಬೇರೆಯೇ: ಗ್ಯಾಸ್ಟ್ರಿಕ್, ಲೋ ಬಿಪಿ, ವೀಕ್‌ನೆಸ್, ‘ಮನಸ್ಸಿಗೆ ಹಚ್ಕೊಂಡಿದ್ದಾರೆ’. ‘ಕ್ಯಾನ್ಸರ್ ಮತ್ತೆ ತಿರುಗಿರಬೇಕು, ಇನ್ನು ದೇವರಿಗೆ ಬಿಟ್ಟದ್ದು’ ಅಂತ ಕೈಚೆಲ್ಲುವ ಮನೆಯವರೂ ಇರುತ್ತಾರೆ. ಇದರಲ್ಲಿ ಕೊನೆಯದೇ ದೊಡ್ಡ ಅನ್ಯಾಯ. ಯಾಕೆಂದರೆ ಕ್ಯಾನ್ಸರ್ ಹತೋಟಿಯಲ್ಲಿದ್ದು, ದಿನಕ್ಕೆ ಎರಡು ಮೂರು ಸಣ್ಣ ಮಾತ್ರೆಯಿಂದ ಎದ್ದು ಓಡಾಡಬಹುದಾದ ಮನುಷ್ಯನನ್ನು ಹಾಸಿಗೆಯಲ್ಲೇ ಬಿಟ್ಟಂತಾಗುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಬೆಳಿಗ್ಗೆ 8 ಗಂಟೆ ಸುಮಾರಿಗೆ ರಕ್ತ ತೆಗೆದು ಕಾರ್ಟಿಸಾಲ್ ಪರೀಕ್ಷೆ, ಜತೆಗೆ ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ. ಬೆಳಗಿನ ಹೊತ್ತೇ ಯಾಕೆ ಅಂದರೆ ಕಾರ್ಟಿಸಾಲ್ ಆಗ ಅತಿ ಹೆಚ್ಚಿರುತ್ತದೆ, ಸಂಜೆ ತಾನಾಗೇ ಇಳಿಯುತ್ತದೆ. ಸಂಜೆಯ ರಿಪೋರ್ಟ್ ಹಿಡಿದು ತೀರ್ಮಾನಕ್ಕೆ ಬರಲಾಗುವುದಿಲ್ಲ. ರೋಗಿ ಆಗಲೇ ಯಾವುದೋ ಸ್ಟೀರಾಯ್ಡ್ ತಗೊಳ್ಳುತ್ತಿದ್ದರೂ ಫಲಿತಾಂಶ ತಪ್ಪಾಗುತ್ತದೆ.

ಆದರೆ ರೋಗಿ ಕುಸಿದುಬಿದ್ದಿದ್ದರೆ ರಿಪೋರ್ಟ್‌ಗೆ ಕಾಯಬಾರದು. ಅನುಮಾನ ಬಂದರೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಮತ್ತು ಸಲೈನ್ ತಕ್ಷಣ ಕೊಡಬೇಕು, ಪರೀಕ್ಷೆಯ ಉತ್ತರ ಆಮೇಲೆ ಬರಲಿ ಅನ್ನುವುದು ಎಲ್ಲ ವೈದ್ಯಕೀಯ ಮಾರ್ಗಸೂಚಿಗಳ ಮಾತು. ಇದೇನು ಬೆಂಗಳೂರಿನ ವಿಶೇಷ ಔಷಧವಲ್ಲ. ಉಬ್ಬಸ, ಅಲರ್ಜಿ ಬಂದವರಿಗೆ ತಾಲೂಕು ಆಸ್ಪತ್ರೆಗಳಲ್ಲಿ ಕೊಡುವ ಅದೇ ಇಂಜೆಕ್ಷನ್. ಇಲ್ಲಿ ಕೊರತೆ ಇರುವುದು ‘ಈ ರೋಗಿಗೆ ಇದು ಬೇಕು’ ಅನ್ನುವ ಯೋಚನೆಗೆ.

ಸಕ್ಕರೆ: ವಾರದೊಳಗೆ ಐಸಿಯು

ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳ ಮೇಲೆ ದಾಳಿಯಾದರೆ ಬರುವುದು ನಮಗೆ ಗೊತ್ತಿರುವ ಮಾಮೂಲಿ ಶುಗರ್ ಅಲ್ಲ. ಅದು ವರ್ಷಗಟ್ಟಲೆ ನಿಧಾನಕ್ಕೆ ಏರುವುದು. ಇದು ದಿನಗಳಲ್ಲಿ, ವಾರಗಳಲ್ಲಿ ಏರುತ್ತದೆ. ವಿಪರೀತ ದಾಹ, ಮೂತ್ರ, ಆಮೇಲೆ ವಾಂತಿ, ಏದುಸಿರು, ಮಂಪರು. ಹೀಗೆ ಶುಗರ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಸಲ ಗೊತ್ತಾಗುವಾಗಲೇ ರಕ್ತ ಆಮ್ಲೀಯವಾಗಿ, ತುರ್ತು ಚಿಕಿತ್ಸೆ ಬೇಕಾಗುವ ಹಂತ ತಲುಪಿರುತ್ತದೆ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಇಲ್ಲಿ ಪೂರ್ತಿ ನಂಬುವಂಥದ್ದಲ್ಲ. ಹತ್ತು ದಿನದಲ್ಲಿ ಏರಿದ ಸಕ್ಕರೆ ಮೂರು ತಿಂಗಳ ಸರಾಸರಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬೆರಳಿಗೆ ಚುಚ್ಚಿ ನೋಡುವ ಗ್ಲುಕೋಮೀಟರ್ ಒಂದು ನಿಮಿಷದಲ್ಲಿ ಹೇಳುತ್ತದೆ. ಈ ರೋಗಿಗಳಿಗೆ ಶುಗರ್ ಮಾತ್ರೆ ಸಾಲುವುದಿಲ್ಲ, ಇನ್ಸುಲಿನ್ನೇ ಬೇಕು, ಅದೂ ಸಾಮಾನ್ಯವಾಗಿ ಜೀವನಪೂರ್ತಿ.

ಆ ಗ್ಲುಕೋಸ್ ಬಾಟಲಿಯ ಕಥೆ

ಈಗ ಮೊದಲಿನ ಮಾತಿಗೆ ಬರೋಣ. ಸಕ್ಕರೆ 500 ದಾಟಿದ ರೋಗಿಗೆ ‘ಸುಸ್ತು’ ಅಂತ ಗ್ಲುಕೋಸ್ ಏರಿಸಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಕಾರ್ಟಿಸಾಲ್ ಇಲ್ಲದೆ ಸೋಡಿಯಂ ಇಳಿದಿರುವ ರೋಗಿಗೆ ಉಪ್ಪಿನಂಶವಿಲ್ಲದ ಬರೀ ಗ್ಲುಕೋಸ್ ನೀರು ಕೊಟ್ಟರೆ ಸೋಡಿಯಂ ಇನ್ನಷ್ಟು ಇಳಿಯಬಹುದು. ಒಂದೇ ‘ಸುಸ್ತು’, ಎರಡು ಬೇರೆ ಬೇರೆ ಕಾಯಿಲೆ, ಎರಡಕ್ಕೂ ಆ ಬಾಟಲಿ ಉತ್ತರವಲ್ಲ.

ಹಾಗಂತ ಡ್ರಿಪ್ಪೇ ಕೆಟ್ಟದ್ದು ಅಂತಲ್ಲ. ಏರಿಸುವ ಮುನ್ನ ಮೂರು ಕೆಲಸ ಆಗಲಿ. ‘ಇಮ್ಯುನೊಥೆರಪಿ ತಗೊಂಡಿದ್ದೀರಾ?’ ಅಂತ ಕೇಳುವುದು. ಬೆರಳು ಚುಚ್ಚಿ ಸಕ್ಕರೆ ನೋಡುವುದು. ಕೂರಿಸಿ, ನಿಲ್ಲಿಸಿ ಬಿಪಿ ನೋಡುವುದು. ಇಷ್ಟಕ್ಕೆ ಐದು ನಿಮಿಷ ಸಾಕು, ದೊಡ್ಡ ಯಂತ್ರ ಯಾವುದೂ ಬೇಡ.

ಸ್ಟೀರಾಯ್ಡ್ ಬಗ್ಗೆ ಎರಡು ಬಗೆಯ ತಪ್ಪು

ನಮ್ಮ ಕಡೆ ಸ್ಟೀರಾಯ್ಡ್ ಬಗ್ಗೆ ಜನರಲ್ಲಿ ಎರಡು ತದ್ವಿರುದ್ಧ ನಡವಳಿಕೆ ಇದೆ. ಒಂದು, ಹೆಸರು ಕೇಳಿದರೇ ಹೆದರುವುದು. ‘ಮೂಳೆ ಸವೆಯುತ್ತೆ, ಮುಖ ಊದುತ್ತೆ, ಬಿಟ್ಟುಬಿಡಿ’ ಅಂತ ನೆಂಟರು ಸಲಹೆ ಕೊಡುತ್ತಾರೆ. ಇನ್ನೊಂದು, ಮಂಡಿನೋವಿಗೆ ಹೆಸರಿಲ್ಲದ ಪುಡಿ, ಪೊಟ್ಟಣದ ಮಾತ್ರೆ ತಂದು ಒಳಗೆ ಸ್ಟೀರಾಯ್ಡ್ ಇದೆಯೋ ಇಲ್ಲವೋ ಗೊತ್ತಿಲ್ಲದೇ ತಿಂಗಳುಗಟ್ಟಲೆ ನುಂಗುವುದು.

ಇಮ್ಯುನೊಥೆರಪಿ ರೋಗಿಗೆ ಎರಡೂ ಅಪಾಯ. ಕಾರ್ಟಿಸಾಲ್ ನಿಂತವರಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಅಥವಾ ಪ್ರೆಡ್ನಿಸೊಲೋನ್ ಮಾತ್ರೆ ದೇಹ ತಾನೇ ತಯಾರಿಸಬೇಕಿದ್ದ ಪ್ರಮಾಣವನ್ನು ತುಂಬಿಕೊಡುತ್ತದೆ ಅಷ್ಟೇ. ಹೆಚ್ಚುವರಿ ಅಲ್ಲ. ಅದನ್ನು ಒಂದೆರಡು ದಿನ ಬಿಟ್ಟರೂ ಕುಸಿದುಬೀಳುವ ಅಪಾಯವಿದೆ. ಇನ್ನು ಲೆಕ್ಕವಿಲ್ಲದ ಸ್ಟೀರಾಯ್ಡ್ ನುಂಗುವವರಿಗೆ ಪರೀಕ್ಷೆಯೇ ತಪ್ಪು ಹೇಳುತ್ತದೆ, ಥಟ್ಟನೆ ನಿಲ್ಲಿಸಿದರೆ ಅದೇ ಕುಸಿತ ಬರುತ್ತದೆ.

ಕಾರ್ಟಿಸಾಲ್ ಕೊರತೆ ಖಚಿತವಾದವರು ನೆನಪಿಡಬೇಕಾದ್ದು ಇಷ್ಟು:

• ಮಾತ್ರೆ ಒಂದು ದಿನವೂ ತಪ್ಪಬಾರದು. ಮುಗಿಯುವ ಒಂದು ವಾರ ಮುಂಚೆಯೇ ತಂದಿಡಬೇಕು.
• ಜ್ವರ ಬಂದಾಗ ವೈದ್ಯರು ಮೊದಲೇ ಹೇಳಿಕೊಟ್ಟಂತೆ ಡೋಸ್ ಎರಡು ಅಥವಾ ಮೂರು ಪಟ್ಟು ಮಾಡಬೇಕಾಗುತ್ತದೆ. ಈ ಲೆಕ್ಕ ಬರೆಸಿಕೊಂಡೇ ಬರಬೇಕು.
• ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಕಾಯಬಾರದು. ಇಂಜೆಕ್ಷನ್‌ಗೆ ಆಸ್ಪತ್ರೆಗೆ ಹೋಗಬೇಕು.
• ಹಲ್ಲು ಕೀಳಿಸುವಾಗ, ಆಪರೇಷನ್ ಇರುವಾಗ ಡಾಕ್ಟರಿಗೆ ಮುಂಚೆಯೇ ತಿಳಿಸಬೇಕು.
• ಥೈರಾಯ್ಡ್ ಮತ್ತು ಕಾರ್ಟಿಸಾಲ್ ಎರಡೂ ಕಡಿಮೆ ಇದ್ದರೆ ಮೊದಲು ಕಾರ್ಟಿಸಾಲ್ ತುಂಬಬೇಕು, ಆಮೇಲೆ ಥೈರಾಕ್ಸಿನ್. ಉಲ್ಟಾ ಮಾಡಿದರೆ ಇದ್ದಬದ್ದ ಕಾರ್ಟಿಸಾಲೂ ಬೇಗ ಖರ್ಚಾಗಿ ರೋಗಿ ಕುಸಿಯಬಹುದು.

ಅಂಗಡಿ, ಕ್ಲಿನಿಕ್, ಮನೆ: ಯಾರ ಕೆಲಸ ಏನು

ತಾಲೂಕಿನಲ್ಲಿ ಕಾಯಿಲೆ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ‘ಅಪ್ಪಂಗೆ ಸುಸ್ತು, ಏನಾದ್ರೂ ಟಾನಿಕ್ ಕೊಡಿ’ ಅನ್ನುವ ಮಾತು ಅಲ್ಲೇ ಬರುವುದು. ಅಂಗಡಿಯವರು ಡಾಕ್ಟರಾಗಬೇಕಿಲ್ಲ. ‘ಅವರಿಗೆ ಕ್ಯಾನ್ಸರ್ ಇಂಜೆಕ್ಷನ್ ನಡೀತಿದೆಯಾ?’ ಅಂತ ಒಂದು ಪ್ರಶ್ನೆ ಕೇಳಿ, ಹೌದು ಅಂದರೆ ಟಾನಿಕ್ ಬದಲು ಆಸ್ಪತ್ರೆ ದಾರಿ ತೋರಿಸಿದರೆ ಒಂದು ಜೀವ ಉಳಿಯಬಹುದು. ಹೈಡ್ರೋಕಾರ್ಟಿಸೋನ್ ಮಾತ್ರೆ ಎಲ್ಲ ಅಂಗಡಿಗಳಲ್ಲಿ ಇಟ್ಟಿರುವುದಿಲ್ಲ, ಖರ್ಚಾಗುವುದು ಕಡಿಮೆ ಅನ್ನುವ ಕಾರಣಕ್ಕೆ. ಒಬ್ಬ ಗಿರಾಕಿ ಇದ್ದರೂ ಅವರಿಗಾಗಿ ಒಂದೆರಡು ಸ್ಟ್ರಿಪ್ ತರಿಸಿಟ್ಟರೆ ಆ ಮನೆಯವರು ಮಾತ್ರೆಗಾಗಿ ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತುವುದು ತಪ್ಪುತ್ತದೆ.

ಮನೆಯವರ ಕೆಲಸ ಚೀಟಿ ಜೋಪಾನ. ಔಷಧದ ಹೆಸರು, ಕೊನೆಯ ಡೋಸಿನ ತಾರೀಕು, ಕ್ಯಾನ್ಸರ್ ಡಾಕ್ಟರ ವಿಭಾಗದ ಫೋನ್ ನಂಬರ್ ಇವನ್ನು ಒಂದು ಕಾಗದದಲ್ಲಿ ಬರೆದು ರೋಗಿಯ ಜೇಬಿನಲ್ಲಿ, ಅದರ ಫೋಟೊ ಮನೆಯ ಎರಡು ಮೊಬೈಲ್‌ನಲ್ಲಿ ಇರಬೇಕು. ‘ಕಿಮೋ ತಗೊಂಡಿದ್ದಾರೆ’ ಅಂತ ಹೇಳಿದರೆ ಸ್ಥಳೀಯ ಡಾಕ್ಟರ ಯೋಚನೆಯೇ ಬೇರೆ ದಾರಿಗೆ ಹೋಗುತ್ತದೆ. ‘ಇಮ್ಯುನೊಥೆರಪಿ’ ಅನ್ನುವ ಪದವನ್ನೇ ಹೇಳಬೇಕು. ತೂಕ, ಬಿಪಿ, ಸಕ್ಕರೆ ವಾರಕ್ಕೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಬದಲಾವಣೆ ಎದ್ದು ಕಾಣುತ್ತದೆ.

ಅಂಗಡಿ ಇಟ್ಟುಕೊಂಡೇ ಚಿಕಿತ್ಸೆ ಪಡೆಯುವವರದ್ದು ಇನ್ನೊಂದು ಕಷ್ಟ. ಗಲ್ಲಾ ಬಿಟ್ಟು ಏಳಲಾಗುವುದಿಲ್ಲ, ಸುಸ್ತಾದರೂ ಸಂಜೆ ವ್ಯಾಪಾರ ಮುಗಿಯಲಿ ಅಂತ ಕೂತಿರುತ್ತಾರೆ. ಹಿಂದಿನ ವಾರ ಮಾಡುತ್ತಿದ್ದ ಕೆಲಸ ಈ ವಾರ ಆಗುತ್ತಿಲ್ಲ ಅಂದರೆ ಅದೇ ಎಚ್ಚರಿಕೆ ಗಂಟೆ. ಪಕ್ಕದ ಅಂಗಡಿಯವರು ಗಮನಿಸಿ ಹೇಳಿದರೂ ಉಪಕಾರವೇ.

ಈ ಲಕ್ಷಣ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು: ನಿಂತರೆ ತಲೆಸುತ್ತಿ ಬೀಳುವುದು, ನಿಲ್ಲದ ವಾಂತಿ, ತಡೆಯಲಾಗದ ಹೊಸ ತಲೆನೋವು, ದೃಷ್ಟಿ ಮಂಜು, ವಿಪರೀತ ದಾಹ ಮತ್ತು ಮೂತ್ರ, ಏದುಸಿರು, ಗೊಂದಲದ ಮಾತು. ತೀರಾ ಆಗದಿದ್ದರೆ 108ಕ್ಕೆ ಕರೆ ಮಾಡುವುದು, ದಾರಿಯಲ್ಲೇ ಕ್ಯಾನ್ಸರ್ ವಿಭಾಗಕ್ಕೂ ಫೋನ್ ಮಾಡಿಸುವುದು.

ವ್ಯವಸ್ಥೆಯಲ್ಲಿ ಬಿಟ್ಟುಹೋಗಿರುವ ಕೊಂಡಿ

ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ರಾತ್ರಿ ಹನ್ನೊಂದಕ್ಕೆ ರೋಗಿ ಕುಸಿದರೆ ಕಿದ್ವಾಯಿ ಬಾಗಿಲು ಮುಟ್ಟುವ ಹೊತ್ತಿಗೆ ಬೆಳಗಾಗುತ್ತದೆ. ಕಾರ್ಟಿಸಾಲ್ ಕುಸಿತಕ್ಕೆ ಅಷ್ಟು ಸಮಯ ಇರುವುದಿಲ್ಲ. ಆದ್ದರಿಂದ ಮೊದಲ ಇಂಜೆಕ್ಷನ್ ತಾಲೂಕಿನಲ್ಲೇ ಬೀಳಬೇಕು.

ಅದಕ್ಕೆ ಕೋಟಿಗಟ್ಟಲೆ ಯೋಜನೆ ಬೇಡ. ಇಂಜೆಕ್ಷನ್ ಕೊಡುವ ಆಸ್ಪತ್ರೆಗಳು ರೋಗಿಗೆ ಕನ್ನಡದಲ್ಲಿ ಅಚ್ಚಾದ ಅಂಗೈಯಗಲದ ಎಚ್ಚರಿಕೆ ಕಾರ್ಡ್ ಕೊಡಬಹುದು. ಹೊರದೇಶಗಳಲ್ಲಿ ಇಂಥ ಕಾರ್ಡ್ ಕೊಡುವುದು ಎಂದೋ ರೂಢಿಯಾಗಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಸುಸ್ತು, ಲೋ ಬಿಪಿ ಬಂದರೆ ಕಾರ್ಟಿಸಾಲ್ ನೋಡಿ’ ಅಂತ ಒಂದು ಸಾಲು ಸ್ಥಳೀಯ ವೈದ್ಯರಿಗಾಗಿ ಬರೆಯಬಹುದು. ತಾಲೂಕು ಆಸ್ಪತ್ರೆಗಳಿಂದ ಕಾರ್ಟಿಸಾಲ್ ಮಾದರಿಯನ್ನು ಬೆಳಿಗ್ಗೆಯೇ ತೆಗೆದು ಜಿಲ್ಲಾ ಲ್ಯಾಬ್‌ಗೆ ಕಳಿಸುವ ಏರ್ಪಾಡು ಮಾಡಬಹುದು. ಹಾರ್ಮೋನ್ ತಜ್ಞರು ದೊಡ್ಡ ಊರುಗಳಲ್ಲೇ ಇರುವುದರಿಂದ ಸರ್ಕಾರದ ಇ-ಸಂಜೀವಿನಿ ಟೆಲಿಮೆಡಿಸಿನ್ ಮೂಲಕ ಅವರನ್ನು ಸಂಪರ್ಕಿಸಬಹುದು. ಡೇ-ಕೇರ್ ಕೇಂದ್ರಗಳ ಸಿಬ್ಬಂದಿಗೆ ಕಿಮೋ ಜತೆಗೆ ಇದರದ್ದೂ ಅರ್ಧ ದಿನದ ತರಬೇತಿ ಸೇರಿಸಬಹುದು. ತಾಲೂಕು ಆರೋಗ್ಯಾಧಿಕಾರಿಗಳು, ಔಷಧ ವ್ಯಾಪಾರಿಗಳ ಸಂಘದವರು ಒಂದು ಸಂಜೆ ಸೇರಿದರೆ ಇದರಲ್ಲಿ ಅರ್ಧ ಕೆಲಸ ಮುಗಿಯುತ್ತದೆ.

ಇದನ್ನೆಲ್ಲ ಓದಿ ಇಮ್ಯುನೊಥೆರಪಿಯೇ ಬೇಡ ಅಂತ ಹೆದರಿ ಹಿಂದೆ ಸರಿಯಬೇಕಿಲ್ಲ. ಬಹುಪಾಲು ರೋಗಿಗಳಿಗೆ ಗಂಭೀರ ಹಾರ್ಮೋನ್ ತೊಂದರೆ ಬರುವುದೇ ಇಲ್ಲ. ಬಂದವರಿಗೂ ಥೈರಾಕ್ಸಿನ್, ಹೈಡ್ರೋಕಾರ್ಟಿಸೋನ್, ಇನ್ಸುಲಿನ್ ಎಂಬ ಹಳೇ ಔಷಧಗಳೇ ಸಾಕು. ಲಕ್ಷಾಂತರ ರೂಪಾಯಿ ಸುರಿದು, ಹೊಲ ಒತ್ತೆ ಇಟ್ಟು ಕ್ಯಾನ್ಸರ್ ಗೆದ್ದವರು ‘ಬರೀ ಸುಸ್ತು’ ಅಂತ ಕಡೆಗಣಿಸಿದ ಕಾರಣಕ್ಕೆ ಸೋಲಬಾರದು. ಮನೆಯಲ್ಲಿ, ಬೀದಿಯಲ್ಲಿ ಈ ಚಿಕಿತ್ಸೆ ಪಡೆಯುತ್ತಿರುವವರು ಇದ್ದರೆ ಇವತ್ತೇ ಅವರ ಚೀಟಿ ತೆಗೆದು ಔಷಧದ ಹೆಸರು ನೋಡಿ, ಕೊನೆಯ ಸಲ ಥೈರಾಯ್ಡ್, ಸಕ್ಕರೆ, ಸೋಡಿಯಂ ಪರೀಕ್ಷೆ ಮಾಡಿಸಿದ್ದು ಯಾವಾಗ ಅಂತ ಕೇಳಿ. ತಿಂಗಳುಗಳೇ ಆಗಿದ್ದರೆ ಮುಂದಿನ ಡೋಸಿನವರೆಗೆ ಕಾಯದೆ ಕ್ಯಾನ್ಸರ್ ವಿಭಾಗಕ್ಕೆ ಫೋನ್ ಮಾಡಿ ವಿಚಾರಿಸಿ.